ಮಾತು ಬಿಟ್ಟವರ ನಡುವಿನ ಚೆಂಡು

ಮದುವೆಯಾಗಿ ಮಕ್ಕಳಿದ್ದ ಇಬ್ಬರು ಗಂಡಸರು ಹನ್ನೊಂದು ತಿಂಗಳಿಂದ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಇಬ್ಬರೂ ಆಡುತ್ತಿದ್ದುದು ಒಂದೇ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ. ಆ ತಂಡದ ಕೋಚ್ ನಾನು. ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಹೊರಗಿದ್ದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನನಗೆ ಕೆಲಸ. ಕಾಲೇಜಿನಲ್ಲಿ ಆಡಿದ್ದೆ ಎಂಬ ಒಂದೇ ತಪ್ಪಿಗೆ ತಂಡವನ್ನೂ ನನ್ನ ತಲೆಗೆ ಕಟ್ಟಿದ್ದರು. ಆಟಗಾರರನ್ನು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆವು. ಹೆಸರಿಗೆ ಒಬ್ಬ ಸ್ಟೋರ್ಸ್‌ನಲ್ಲಿ, ಒಬ್ಬ ಪ್ಯಾಕಿಂಗ್‌ನಲ್ಲಿ. ಮಧ್ಯಾಹ್ನದ ಊಟದ ಬೆಲ್ ಹೊಡೆದ ಮೇಲೆ ಅವರೆಲ್ಲ ಕ್ಯಾಂಟೀನಿನ ಹಿಂದಿದ್ದ ಸಿಮೆಂಟ್ ಕೋರ್ಟಿಗೆ ಬರಬೇಕು. ಉಳಿದ ಕಾರ್ಮಿಕರು ಮೆಷಿನ್ ಮುಂದೆ ಬೆವರು ಸುರಿಸುವಾಗ ಇವರು ಚೆಂಡಿನ ಹಿಂದೆ ಬೆವರು ಸುರಿಸುತ್ತಿದ್ದರು. ಸಂಬಳ ಬರುತ್ತಿದ್ದುದೇ ಆಟಕ್ಕೆ.

ಮಾತು ಬಿಟ್ಟವರಲ್ಲಿ ಒಬ್ಬ ನಮ್ಮ ಕ್ಯಾಪ್ಟನ್. ಕುಣಿಗಲ್ ಕಡೆಯವನು. ರಾಜ್ಯ ತಂಡಕ್ಕೆ ಆಡಿದವನು, ಅದನ್ನು ದಿನಕ್ಕೆ ಎರಡು ಸಲವಾದರೂ ಹೇಳುವವನು. ಬಲಗಡೆಯ ಮೂಲೆಯಿಂದ ಅವನು ಎಸೆದರೆ ಚೆಂಡು ಬುಟ್ಟಿಯ ಬಳೆಯನ್ನು ಮುಟ್ಟದೆ ಒಳಗೆ ಬೀಳುತ್ತಿತ್ತು. ಇನ್ನೊಬ್ಬ ನಮ್ಮ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ನಿಂತು ಆಡುವವನು. ತುಮಕೂರಿನ ಟೈಲರ್ ಮನೆತನದವನು, ಆರಡಿ ಐದಂಗುಲ. ಅವನ ಕೈಗೆ ಚೆಂಡು ಸಿಕ್ಕರೆ ಎರಡು ಪಾಯಿಂಟ್ ಬಂತೆಂದೇ ಲೆಕ್ಕ. ಸಿಗಬೇಕಲ್ಲ.

ಜಗಳ ಹುಟ್ಟಿದ್ದು ಗುಬ್ಬಿಯಲ್ಲಿ. ಅಲ್ಲಿ ಹೊಸದಾಗಿ ಕಟ್ಟಿದ್ದ ಕೋರ್ಟಿನ ಉದ್ಘಾಟನೆಗೆ ಒಂದು ಪ್ರದರ್ಶನ ಪಂದ್ಯ ಆಡಲು ನಮ್ಮನ್ನು ಕರೆದಿದ್ದರು. ಆಟ ಮುಗಿದ ಮೇಲೆ ಸನ್ಮಾನ. ಎಲ್ಲರಿಗೂ ಹಾರ, ಕ್ಯಾಪ್ಟನ್‌ಗೆ ಮಾತ್ರ ಮೈಸೂರು ಪೇಟ. ಪೇಟ ಇದ್ದದ್ದು ಒಂದೇ. ಸಮಿತಿಯ ಅಧ್ಯಕ್ಷರು ವಯಸ್ಸಾದವರು, ಕುಳ್ಳಗಿದ್ದವರು. ಸಾಲಾಗಿ ನಿಂತ ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲರಿಗಿಂತ ಎತ್ತರದವನೇ ಕ್ಯಾಪ್ಟನ್ ಇರಬೇಕು ಎಂದುಕೊಂಡು ಸೀದಾ ಸೆಂಟರ್ ಮುಂದೆ ಹೋಗಿ ನಿಂತರು. ಕೈ ಎಟುಕಲಿಲ್ಲ. ಯಾರೋ ಕುರ್ಚಿ ತಂದರು. ಅವರು ಕುರ್ಚಿ ಹತ್ತಿದರು, ಇವನು ತಲೆ ಬಗ್ಗಿಸಿದ, ಪೇಟ ಕೂತಿತು, ಫೋಟೋ ಹೊಡೆದರು, ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ನಾನು ಎದ್ದು ಒಂದು ಮಾತು ಹೇಳಬಹುದಿತ್ತು. ಹಿರಿಯರಿಗೆ ಮುಜುಗರವಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡು ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾಪ್ಟನ್ ನನ್ನ ಪಕ್ಕ ಬಂದು ಕೂತ.

"ಅವ್ನು ತೆಗೆದು ನಂಗೆ ಕೊಡಬೋದಿತ್ತು, ಅಲ್ವಾ ಸಾರ್?"

ಹಿಂದಿನ ಸೀಟಿನಿಂದ ಸೆಂಟರ್ ಕೇಳಿಸಿಕೊಂಡ. "ಹಿರಿಯರು ತಲೆ ಮೇಲೆ ಇಟ್ಟಿದ್ದನ್ನ ನಾನ್ ಹೆಂಗೆ ತೆಗೀಲಿ ಸಾರ್? ಇವ್ರು ಕೇಳಿದ್ರೆ ಕೊಡ್ತಿದ್ದೆ."

"ಕೇಳಿ ಇಸ್ಕೊಳ್ಳೋಕೆ ಅದೇನ್ ಬೀಡಿನಾ?"

ಅಷ್ಟೇ. ಅವರಿಬ್ಬರ ನಡುವಿನ ಕೊನೆಯ ಮಾತು ಅದು. ನಾಳೆ ಸರಿಹೋಗುತ್ತದೆ ಎಂದುಕೊಂಡೆ. ನಮ್ಮ ಕಡೆ ಮಾತು ಬಿಡುವುದೆಂದರೆ ಏನು ಎಂದು ಗೊತ್ತಿದ್ದೂ ಹಾಗೆಂದುಕೊಂಡೆನಲ್ಲ, ಆ ಬುದ್ಧಿಗೆ ಏನು ಹೇಳಲಿ! ನನ್ನ ಸ್ವಂತ ಚಿಕ್ಕಪ್ಪಂದಿರೇ ಒಂದು ಬೇಲಿಯ ವಿಷಯಕ್ಕೆ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದರು.

ಮಾತಿನ ಜೊತೆ ಚೆಂಡೂ ನಿಂತಿತು. ಸೆಂಟರ್ ಬುಟ್ಟಿಯ ಕೆಳಗೆ ಎರಡೂ ಕೈ ಎತ್ತಿ ಒಬ್ಬನೇ ನಿಂತಿರುತ್ತಿದ್ದ. ಕ್ಯಾಪ್ಟನ್‌ಗೆ ಕಾಣುತ್ತಿರಲಿಲ್ಲ. ಆರಡಿ ಐದಂಗುಲದ ಮನುಷ್ಯ ಹತ್ತಡಿ ದೂರದಲ್ಲಿ ಕೈ ಎತ್ತಿ ನಿಂತರೆ ಕಾಣುವುದಿಲ್ಲವಂತೆ! ಇತ್ತ ಸೆಂಟರ್ ಕೂಡ ಕಡಿಮೆಯವನಲ್ಲ. ಬುಟ್ಟಿಯಿಂದ ತಪ್ಪಿ ಬಂದ ಚೆಂಡು ಹಿಡಿದರೆ ಕ್ಯಾಪ್ಟನ್ ಇದ್ದ ಕಡೆ ಬೆನ್ನು ತಿರುಗಿಸಿಯೇ ಇಳಿಯುತ್ತಿದ್ದ.

ಹೀಗಾಗಿ ಎಲ್ಲವೂ ಮೂರನೆಯವನೊಬ್ಬನ ಮೂಲಕ ನಡೆಯತೊಡಗಿತು. ಅವನು ಹಾಗಲವಾಡಿಯವನು, ಇಪ್ಪತ್ತಾರು ವರ್ಷ, ನಮ್ಮ ಪಾಯಿಂಟ್ ಗಾರ್ಡ್. ಚೆಂಡನ್ನು ಪುಟಿಸುತ್ತಾ ಮುಂದೆ ತಂದು ಹಂಚುವವನು. ಕ್ಯಾಪ್ಟನ್‌ನನ್ನು ಅಣ್ಣ ಎನ್ನುತ್ತಿದ್ದ, ಸೆಂಟರ್‌ನನ್ನು ಭಾಯ್ ಎನ್ನುತ್ತಿದ್ದ. ಕ್ಯಾಪ್ಟನ್ ಇವನಿಗೆ ಕೊಡಬೇಕು, ಇವನು ಸೆಂಟರ್‌ಗೆ ಕೊಡಬೇಕು. ಚೆಂಡಷ್ಟೇ ಅಲ್ಲ, ಮಾತೂ ಹಾಗೆಯೇ. ಸೆಂಟರ್ ಮೂರಡಿ ದೂರದಲ್ಲಿ ನಿಂತಿದ್ದಾಗಲೇ ಕ್ಯಾಪ್ಟನ್ ಇವನ ಕಡೆ ತಿರುಗಿ, "ಲೇ, ಅವನಿಗೆ ನನ್ ಡಿಫೆಂಡರ್‌ಗೆ ಅಡ್ಡ ನಿಲ್ಲೋಕೆ ಹೇಳ್ಲಾ" ಅನ್ನುತ್ತಿದ್ದ.

"ಭಾಯ್, ಅಣ್ಣನ ಡಿಫೆಂಡರ್‌ಗೆ ಅಡ್ಡ ನಿಲ್ಲಬೇಕಂತೆ."

"ನಿಂತ್ಕೋತೀನಿ. ಆಮೇಲೆ ಚೆಂಡು ಕೊಡೋ ಅಭ್ಯಾಸ ಐತಾ ಅಂತ ನಿಮ್ಮಣ್ಣನ್ನ ಕೇಳು."

ಹುಡುಗ ನನ್ನ ಮುಖ ನೋಡುತ್ತಿದ್ದ. ನಾನು ಸೀಟಿ ಊದುತ್ತಿದ್ದೆ.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ಮೊದಲು ಬುದ್ಧಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು, ಬೇರೆ ಬೇರೆ ಬಾಗಿಲಿಂದ ಹೊರಗೆ ಹೋದರು. ಆಮೇಲೆ ಇಬ್ಬರನ್ನೇ ನಿಲ್ಲಿಸಿ ಪಾಸ್ ಕೊಡುವ ಅಭ್ಯಾಸ ಮಾಡಿಸಿದೆ. ಎದೆಯ ಎತ್ತರಕ್ಕೆ ನೂರು ಪಾಸ್ ಎಂದು ಹೇಳಿದರೆ ಕ್ಯಾಪ್ಟನ್ ನೂರನ್ನೂ ಮೊಣಕಾಲಿಗೆ ಕೊಟ್ಟ. ಯಾಕೆಂದು ಕೇಳಿದ್ದಕ್ಕೆ, "ಬಗ್ಗೋದು ಅಭ್ಯಾಸ ಐತಲ್ಲ ಸಾರ್, ಪೇಟಕ್ಕೆ ಬಗ್ಗಿರಲಿಲ್ವಾ" ಅಂದ. ಶಿಕ್ಷೆಯಾಗಿ ಇಡೀ ತಂಡಕ್ಕೆ ಇಪ್ಪತ್ತು ಸುತ್ತು ಓಡಿಸಿದೆ. ಹತ್ತು ಜನ ಓಡಿದರು. ಕ್ಯಾಪ್ಟನ್ ಶೂ ಲೇಸ್ ಕಟ್ಟುತ್ತಾ ಕೂತ, "ಸ್ಟೇಟ್ ಆಡಿದೋನು ಸಾರ್ ನಾನು" ಎಂದ. ಅವನು ಕೂತದ್ದು ನೋಡಿ ಸೆಂಟರೂ ಕೂತ. ಅವರನ್ನು ಎಬ್ಬಿಸುವುದು ಬಿಟ್ಟು ನಾನೇ ಎದ್ದು ಕ್ಯಾಂಟೀನಿಗೆ ಹೋಗಿ ಟೀ ಕುಡಿದೆ.

ಇಷ್ಟರಲ್ಲಿ ಹಾಗಲವಾಡಿಯವನ ಮೂರನೆಯ ವರ್ಷ ಮುಗಿಯುತ್ತಾ ಬಂತು. ಕ್ಯಾಪ್ಟನ್, ಸೆಂಟರ್ ಇಬ್ಬರೂ ಪರ್ಮನೆಂಟ್ ನೌಕರರು. ಇವನು ಟೆಂಪರರಿ. ನಮ್ಮಲ್ಲಿ ಮೂರು ವರ್ಷವಾದ ಮೇಲೆ ಒಂದೋ ಪರ್ಮನೆಂಟ್ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಅವನಿಗೆ ಅಮೃತೂರಿನಲ್ಲಿ ಹೆಣ್ಣು ನೋಡಿ ಒಪ್ಪಿಗೆಯಾಗಿತ್ತು. ಪರ್ಮನೆಂಟ್ ಆರ್ಡರ್ ಕೈಗೆ ಬಂದ ಮೇಲೆ ಲಗ್ನಪತ್ರಿಕೆ ಎಂದು ಹೆಣ್ಣಿನ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಫೈಲ್ ಹಿಡಿದುಕೊಂಡು ನಾನು ಜನರಲ್ ಮ್ಯಾನೇಜರ್ ಹತ್ತಿರ ಹೋದೆ.

"ಕುಣಿಗಲ್ ಟೂರ್ನಮೆಂಟ್ ಇದೆಯಲ್ರೀ," ಅಂದರು. "ರಾಜ್ಯಮಟ್ಟಕ್ಕೆ ಆಯ್ಕೆಯಾಗಿ ಬನ್ನಿ, ಸೈನ್ ಹಾಕ್ತೀನಿ. ಇಲ್ಲಾಂದ್ರೆ ಟೀಮೇ ಯಾಕೆ ಇಟ್ಕೋಬೇಕು ಅಂತ ಮೇಲಿನವರು ಕೇಳ್ತಿದಾರೆ."

ಕುಣಿಗಲ್‌ನಲ್ಲಿ ನಾಲ್ಕು ಕಾರ್ಖಾನೆ ತಂಡಗಳ ಲೀಗ್. ಮೂರು ದಿನ, ದಿನಕ್ಕೊಂದು ಪಂದ್ಯ. ಮೊದಲ ಎರಡು ಸ್ಥಾನದವರು ರಾಜ್ಯಮಟ್ಟಕ್ಕೆ. ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ಉಳಿಯುವ ವ್ಯವಸ್ಥೆ. ಕ್ಯಾಪ್ಟನ್ ವರನ ಕೋಣೆ ಹಿಡಿದ, ಸೆಂಟರ್ ವಧುವಿನ ಕೋಣೆ ಹಿಡಿದ. ನಾವೆಲ್ಲ ಊಟದ ಹಾಲ್‌ನಲ್ಲಿ ಜಮಖಾನ ಹಾಸಿಕೊಂಡೆವು.

ಮೊದಲ ಪಂದ್ಯ ಗೆದ್ದೆವು. ಹಾಗಲವಾಡಿಯವನು ಇಬ್ಬರ ನಡುವೆ ಓಡಿ ಓಡಿ ಕೊನೆಗೆ ಕಾಲು ಹಿಡಿದುಕೊಂಡು ಬಿದ್ದ. ಎರಡನೆಯ ಪಂದ್ಯದ ಎದುರಾಳಿ ಕೋಚ್ ಹಿಂದಿನ ದಿನ ಗ್ಯಾಲರಿಯಲ್ಲಿ ಕೂತು ನಮ್ಮ ಆಟ ನೋಡಿದ್ದ. ಅವನೇನು ಕುರುಡನಲ್ಲ. ಶುರುವಿನಿಂದಲೇ ನಮ್ಮ ಪಾಯಿಂಟ್ ಗಾರ್ಡ್ ಮೇಲೆ ಇಬ್ಬರನ್ನು ಬಿಟ್ಟ. ಇಬ್ಬರು ಇವನ ಮೇಲೆ ಬಿದ್ದರೆ ಉಳಿದವರಲ್ಲಿ ಒಬ್ಬ ಖಾಲಿ ಇರಲೇಬೇಕು, ಅದು ಲೆಕ್ಕ. ಖಾಲಿ ಇದ್ದವನು ಸೆಂಟರ್. ಚೆಂಡು ಇದ್ದದ್ದು ಕ್ಯಾಪ್ಟನ್ ಕೈಯಲ್ಲಿ. ಮೂಲೆಯಿಂದ ಆರು ಸಲ ಎಸೆದ, ಐದು ಸಲ ತಪ್ಪಿತು. "ಒಳಗೆ ಕೊಡೋ!" ಎಂದು ನಾನು ಗಂಟಲು ಹರಿದುಕೊಂಡೆ. ಅವನು ನನ್ನ ಕಡೆ ಅಂಗೈ ತೋರಿಸಿ ಸುಮ್ಮನಿರುವಂತೆ ಸನ್ನೆ ಮಾಡಿದ. ನನಗೆ! ಎಂಟು ನಿಮಿಷ ಉಳಿದಿರುವಾಗ ಅವನನ್ನು ಹೊರಗೆ ಕರೆದೆ. ಅವನು ಬೆಂಚಿನ ಕಡೆ ಬರಲೇ ಇಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೊರಟುಹೋದ.

ಅವನಿಲ್ಲದೆ ಹುಡುಗರು ಹೇಗೋ ಹತ್ತಿರ ಬಂದರು. ಹಾಗಲವಾಡಿಯವನು ಮೂರು ಪಾಯಿಂಟಿನ ಗೆರೆಯ ಆಚೆಯಿಂದ ಒಂದು ಎಸೆದ, ಬಿತ್ತು. ಕೊನೆಗೆ ನೋಡಿದರೆ ಒಂದು ಪಾಯಿಂಟಿನಿಂದ ಸೋಲು. ನನಗೆ ಅನುಮಾನ ಬಂದು ಸ್ಕೋರ್‌ಶೀಟ್ ನೋಡಿದೆ. ಆ ಶಾಟ್‌ಗೆ ಮೂರರ ಬದಲು ಎರಡು ಬರೆದಿದ್ದರು. ಸರಿಪಡಿಸಿದರೆ ಸಮ, ಇನ್ನೂ ಐದು ನಿಮಿಷ ಆಡಿಸಲೇಬೇಕು. ರೆಫರಿ ಹೇಳಿದ, "ಪ್ರೊಟೆಸ್ಟ್ ಮಾಡಿ ಸಾರ್, ನಿಮ್ ಹಕ್ಕು. ಶೀಟ್‌ನಲ್ಲಿ ಕ್ಯಾಪ್ಟನ್ ಸೈನ್ ಹಾಕಬೇಕು. ನಾನು ಸೈನ್ ಹಾಕಿ ಕ್ಲೋಸ್ ಮಾಡೋಕ್ ಮುಂಚೆ."

ಕೋಚ್ ಸಹಿ ನಡೆಯುವುದಿಲ್ಲ. ಕ್ಯಾಪ್ಟನ್‌ದೇ ಬೇಕು. ನಲವತ್ತೆಂಟರ ವಯಸ್ಸಿನಲ್ಲಿ ನಾನು ಕುಣಿಗಲ್‌ನ ರಸ್ತೆಯಲ್ಲಿ ಓಡಿದೆ. ಅವನು ಕಬ್ಬಿನ ಹಾಲಿನ ಅಂಗಡಿ ಮುಂದೆ ನಿಂತಿದ್ದ.

"ಬೇಗ ಬಾರೋ, ಸೈನ್ ಬೇಕು!"

"ನನ್ನ ಆಚೆ ಕರೆದ್ರಲ್ಲ ಸಾರ್. ಈಗ ಕ್ಯಾಪ್ಟನ್ ಬೇಕಾದ್ನಾ?"

"ಆ ಹುಡುಗನ ಕೆಲಸದ ಪ್ರಶ್ನೆ ಕಣೋ!"

"ಬರ್ತೀನಿ ನಡೀರಿ. ಇದೊಂದ್ ಗ್ಲಾಸ್ ಮುಗಿಸ್ತೀನಿ."

ಮುಗಿಸಿದ. ಐಸ್ ಕೂಡ ಅಗಿದ. ನಾವು ವಾಪಸು ಬರುವಷ್ಟರಲ್ಲಿ ರೆಫರಿ ಸಹಿ ಹಾಕಿ ಶೀಟ್ ಮಡಚಿಟ್ಟಿದ್ದ. ನಿಯಮ ನಿಯಮವೇ, ಅವನನ್ನು ದೂರಲಾರೆ.

ಸಂಜೆ ಕಲ್ಯಾಣ ಮಂಟಪದ ನಲ್ಲಿಯ ಹತ್ತಿರ ಹಾಗಲವಾಡಿಯವನು ಜೆರ್ಸಿ ಒಗೆಯುತ್ತಿದ್ದ. ನನ್ನನ್ನು ನೋಡಿ, "ಅದು ಮೂರೇ ಸಾರ್," ಅಂದ. "ಗೆರೆ ನೋಡ್ಕೊಂಡೇ ಹಾರಿದ್ದೆ." ಕ್ಯಾಪ್ಟನ್ ಮೇಲೆ ಒಂದು ಮಾತಿಲ್ಲ, ದೂರಿಲ್ಲ. ನನಗೆ ನಾಚಿಕೆಯಾಯಿತು.

ಪ್ರತಿ ಪಂದ್ಯದ ಪಾಸ್‌ಗಳನ್ನು ಗೀಟು ಹಾಕಿ ಬರೆದಿಡುವ ಅಭ್ಯಾಸ ನನಗಿತ್ತು. ಅವತ್ತು ಆ ನೋಟ್‌ಬುಕ್ ತೆಗೆದು ಕೂತೆ. ಎರಡು ಪಂದ್ಯದಲ್ಲಿ ಕ್ಯಾಪ್ಟನ್‌ನಿಂದ ಸೆಂಟರ್‌ಗೆ ನೇರವಾಗಿ ಹೋದ ಪಾಸ್ ಸೊನ್ನೆ. ಹುಡುಗನ ಮೂಲಕ ಹೋದವು ಪುಟ ತುಂಬ. ಕ್ಯಾಪ್ಟನ್‌ನನ್ನು ಕಿತ್ತುಹಾಕೋಣವೇ? ಹಾಕಿದರೆ ಅವನ ಇಪ್ಪತ್ತು ಪಾಯಿಂಟ್ ಎಲ್ಲಿಂದ ತರುವುದು? ಸೆಂಟರ್‌ನನ್ನೇ ಕ್ಯಾಪ್ಟನ್ ಮಾಡಿದರೆ ಗುಬ್ಬಿಯ ಪೇಟಕ್ಕೆ ನಾನೇ ಮುದ್ರೆ ಒತ್ತಿದ ಹಾಗೆ. ಗೀಟುಗಳನ್ನು ನೋಡುತ್ತಾ ನೋಡುತ್ತಾ ಒಂದು ವಿಷಯ ಹೊಳೆಯಿತು. ಮಾತು ಬಿಟ್ಟ ಇಬ್ಬರ ಸಂಸಾರ ನಡೆಯುವುದು ಮಧ್ಯದಲ್ಲಿ ಒಬ್ಬ ಸುದ್ದಿ ಒಯ್ಯುವವನು ಇದ್ದರೆ ಮಾತ್ರ. ಅವನು ಇರುವವರೆಗೂ ಇವರಿಗೆ ಮಾತಾಡುವ ಅಗತ್ಯವೇ ಬೀಳುವುದಿಲ್ಲ. ಹನ್ನೊಂದು ತಿಂಗಳು ಆ ಹುಡುಗನನ್ನು ಅಲ್ಲಿ ನಿಲ್ಲಿಸಿದವನು ನಾನು. ಹೇಗೋ ನಡೆಯುತ್ತಿದೆಯಲ್ಲ ಎಂದು.

ಬೆಳಿಗ್ಗೆ ಅವನನ್ನು ಕರೆದು ಹೇಳಿದೆ, "ಇವತ್ತು ನೀನು ಕೂತ್ಕೋ."

ಅವನಿಗೆ ಅರ್ಥವಾಗಲಿಲ್ಲ. "ಕಾಲು ಸರಿಯಾಗೈತೆ ಸಾರ್."

"ಕಾಲಿಗಲ್ಲ. ನೀನಿದ್ರೆ ಅವರಿಬ್ಬರೂ ಆಡಲ್ಲ."

"ಇವತ್ತು ಸೋತ್ರೆ ನನ್ ಕಥೆ ಮುಗೀತಲ್ಲ ಸಾರ್. ಸೋಲೋದಾದ್ರೆ ಆಡಾದ್ರೂ ಸೋಲ್ತೀನಿ. ಬೆಂಚ್ ಮೇಲೆ ಕೂತ್ಕೊಂಡು ಸೋಲು ಅಂತೀರಾ?"

"ನನ್ನ ನಂಬು" ಅಂದೆ. ಯಾವ ಮುಖ ಇಟ್ಟುಕೊಂಡು ಅಂದೆನೋ.

ಅವನ ಜಾಗಕ್ಕೆ ಪ್ಯಾಕಿಂಗ್ ವಿಭಾಗದ ಒಬ್ಬ ಸಾಧಾರಣ ಆಟಗಾರನನ್ನು ಇಳಿಸಿದೆ. ಚೆಂಡು ತಂದು ಕ್ಯಾಪ್ಟನ್‌ಗೆ ಕೊಡು, ಇನ್ನೇನೂ ಮಾಡಬೇಡ ಎಂದು ಅವನಿಗೆ ತಾಕೀತು ಮಾಡಿದೆ. ಪಟ್ಟಿ ನೋಡಿ ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದ.

"ಅವ್ನಿಲ್ದೆ ಒಳಗೆ ಯಾರ್ ಸಾರ್ ಕೊಡೋದು?"

"ನೀನೇ."

ಏಳು ನಿಮಿಷಕ್ಕೆ ಹದಿನೇಳು ನಾಲ್ಕು. ನಾಲ್ಕು ನಮ್ಮದು. ಕ್ಯಾಪ್ಟನ್ ಮೂಲೆಯಲ್ಲಿ ಸಿಕ್ಕಿಕೊಂಡು ಚೆಂಡು ಕಳೆದುಕೊಳ್ಳುತ್ತಿದ್ದ, ಸೆಂಟರ್ ಕೈ ಎತ್ತಿ ನಿಂತಿದ್ದ. "ಕಳ್ಸಿ ಸಾರ್ ಅವನ್ನ!" ಎಂದು ಕ್ಯಾಪ್ಟನ್ ಒಳಗಿಂದಲೇ ಕೂಗಿದ. ನಾನು ಆಕಾಶ ನೋಡಿದೆ. ಪಕ್ಕದಲ್ಲಿ ಹುಡುಗ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದ. "ಕಳ್ಸಿ ಸಾರ್. ಕಾಲಿಗ್ ಬೀಳ್ತೀನಿ." ಕೈ ಬಿಡಿಸಿಕೊಂಡೆ. ಆ ಬಿಡಿಸಿಕೊಂಡದ್ದು ಇವತ್ತಿಗೂ ನನಗೆ ಹಿಂಸೆ.

ಟೈಮ್‌ಔಟ್ ಕೇಳಿದೆ. ಒಂದು ನಿಮಿಷ ಸಿಗುತ್ತದೆ. ಎಲ್ಲರೂ ಸುತ್ತ ನಿಂತು ನನ್ನ ಬಾಯಿ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. ಅರ್ಧ ನಿಮಿಷ ಹಾಗೇ ಹೋಯಿತು. ಕೊನೆಗೆ ಸೆಂಟರ್ ಬಾಟಲಿ ಕೆಳಗಿಟ್ಟು ಕ್ಯಾಪ್ಟನ್ ಕಡೆ ತಿರುಗಿದ.

"ಏನ್ರೀ ಕ್ಯಾಪ್ಟನ್ನೇ, ಚೆಂಡ್ ಕೊಡ್ತೀರೋ, ಇಲ್ಲ ಬಸ್ ಹತ್ತಣೋ?"

ಕ್ಯಾಪ್ಟನ್ ನೆಲ ನೋಡುತ್ತಲೇ ಹೇಳಿದ, "ಕಂಬದ್ ತರ ನಿಂತ್ಕೊಂಡ್ರೆ ಎಲ್ಲಿಗ್ ಕೊಡ್ಲಿ? ನಾನ್ ಒಳಗ್ ನುಗ್ಗಿದಾಗ ಎಡಕ್ಕೆ ಬಾ."

"ಮೊಣಕಾಲಿಗೆ ಕೊಡಬೇಡ ಮತ್ತೆ."

ಅಷ್ಟೇ ನಡೆದದ್ದು. ಕ್ಷಮೆ ಇಲ್ಲ, ಅಪ್ಪುಗೆ ಇಲ್ಲ. ಮುಂದಿನ ಸಲ ಕ್ಯಾಪ್ಟನ್ ಒಳಗೆ ನುಗ್ಗಿದ, ಇಬ್ಬರು ಅವನ ಮೇಲೆ ಬಿದ್ದರು, ಚೆಂಡು ಎದೆಯ ಎತ್ತರಕ್ಕೆ ಎಡಗಡೆ ಹೋಯಿತು, ಸೆಂಟರ್ ಎತ್ತಿ ಹಾಕಿದ. ಮತ್ತೆ ಅದೇ. ಮತ್ತೆ ಅದೇ. ವಿರಾಮದ ಹೊತ್ತಿಗೆ ಮೂರು ಪಾಯಿಂಟ್ ಅಂತರ, ದ್ವಿತೀಯಾರ್ಧದಲ್ಲಿ ಮುಂದೆ ಹೋದೆವು, ಆರರಿಂದ ಗೆದ್ದೆವು. ಇಷ್ಟು ಸುಲಭದ ಕೆಲಸಕ್ಕೆ ಹನ್ನೊಂದು ತಿಂಗಳು ನನ್ನ ರಕ್ತ ಕುಡಿದಿದ್ದರು!

ವಿರಾಮದ ನಂತರ ಹುಡುಗನನ್ನು ಇಳಿಸಬೇಕೆಂದಿದ್ದೆ. ಇಳಿಸಲಿಲ್ಲ. ಕೂಡಿದ್ದು ಮತ್ತೆ ಮುರಿದೀತು ಎಂಬ ಭಯ ಒಂದು ಕಡೆ, ನನ್ನ ಉಪಾಯ ಫಲಿಸಿತು ಎಂಬ ಜಂಬ ಇನ್ನೊಂದು ಕಡೆ. ಅವನು ನಲವತ್ತು ನಿಮಿಷವೂ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದ.

ಎರಡನೆಯ ಸ್ಥಾನ ಪಡೆದು ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದೆವು. ಸೋಮವಾರ ಫೈಲ್‌ಗೆ ಮೂರು ಸ್ಕೋರ್‌ಶೀಟ್ ಲಗತ್ತಿಸಿ ಜನರಲ್ ಮ್ಯಾನೇಜರ್ ಮುಂದಿಟ್ಟೆ. ಅವರು ಪೆನ್ನಿನ ತುದಿಯನ್ನು ಹೆಸರುಗಳ ಮೇಲೆ ಓಡಿಸಿದರು. ಸ್ಕೋರ್‌ಶೀಟ್‌ನಲ್ಲಿ ಪಾಯಿಂಟ್ ಬರೆಯುತ್ತಾರೆ, ಫೌಲ್ ಬರೆಯುತ್ತಾರೆ. ಪಾಸ್ ಬರೆಯುವುದಿಲ್ಲ.

"ಮೊದಲ ಮ್ಯಾಚ್ ನಾಲ್ಕು, ಎರಡನೇದು ಆರು. ಮೂರನೇದ್ರಲ್ಲಿ ಆಡೇ ಇಲ್ವಲ್ರೀ? ಅವನಿಲ್ದೆ ಗೆದ್ದಿದೀರ. ಅವನ್ನ ಯಾಕ್ರೀ ಪರ್ಮನೆಂಟ್ ಮಾಡ್ಬೇಕು?"

ಹೊರಗೆ ಬಂದು ಆ ಇಬ್ಬರನ್ನೂ ಹುಡುಕಿದೆ. ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಜನರಲ್ ಮ್ಯಾನೇಜರ್ ಕೋಣೆಗೆ ಬಂದು ನಡೆದದ್ದನ್ನು ಹೇಳಿ, ನಿಮ್ಮಿಬ್ಬರ ಜಗಳದಿಂದ ಅವನನ್ನು ಕೂರಿಸಬೇಕಾಯಿತು ಅನ್ನಿ ಎಂದು ಕೇಳಿಕೊಂಡೆ. ಬಂದರು. ಹುಡುಗ ತುಂಬಾ ಒಳ್ಳೆಯವನು, ಶಿಸ್ತಿನವನು ಎಂದು ಇಬ್ಬರೂ ಹೊಗಳಿದರು. ಮತ್ತೆ ಯಾಕೆ ಆಡಿಸಲಿಲ್ಲ ಎಂದು ಮ್ಯಾನೇಜರ್ ಕೇಳಿದಾಗ ಕ್ಯಾಪ್ಟನ್ ಹೇಳಿದ, "ಅದು ಕೋಚ್ ಡಿಸಿಷನ್ ಸಾರ್." ಸೆಂಟರ್ ಹೌದೆಂದು ತಲೆಯಾಡಿಸಿದ. ಹನ್ನೊಂದು ತಿಂಗಳಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಿಂತದ್ದು ಅದೇ ಮೊದಲು.

ಅವರನ್ನು ಕಳಿಸಿ ಒಂದು ಹಾಳೆ ತೆಗೆದುಕೊಂಡು ಬರೆದೆ. ಇಬ್ಬರು ಹಿರಿಯ ಆಟಗಾರರು ಪರಸ್ಪರ ಮಾತು ಬಿಟ್ಟಿದ್ದರೆಂದೂ, ಕೋಚ್ ಆಗಿ ಅದನ್ನು ಸರಿಪಡಿಸಲು ನನ್ನಿಂದ ಆಗಲಿಲ್ಲವೆಂದೂ, ಈ ನೌಕರ ಹನ್ನೊಂದು ತಿಂಗಳು ಆ ಜಗಳವನ್ನು ಒಬ್ಬನೇ ಹೊತ್ತು ತಂಡವನ್ನು ಉಳಿಸಿದನೆಂದೂ, ಕೊನೆಯ ಪಂದ್ಯದಲ್ಲಿ ಕೂರಿಸಿದ್ದು ನನ್ನ ಲೋಪವೇ ಹೊರತು ಅವನದಲ್ಲವೆಂದೂ ಬರೆದು ಸಹಿ ಹಾಕಿದೆ. ಪಾಸ್ ಬರೆದಿದ್ದ ನೋಟ್‌ಬುಕ್ಕನ್ನೂ ಜೊತೆಗಿಟ್ಟೆ.

ಜನರಲ್ ಮ್ಯಾನೇಜರ್ ಎರಡು ಸಲ ಓದಿದರು. "ಇಬ್ಬರು ಗಂಡಸರನ್ನ ಒಂದು ವರ್ಷ ಮಾತಾಡಿಸೋಕೆ ಆಗಲಿಲ್ವಾ ನಿಮ್ ಕೈಲಿ?"

"ಆಗಲಿಲ್ಲ ಸಾರ್."

"ಹಾಗಾದ್ರೆ ಕೋಚ್ ಯಾಕೆ ನೀವು?"

ಅದೇ ವಾರ ಎರಡು ಆರ್ಡರ್ ಹೊರಬಿದ್ದವು. ಎರಡನ್ನೂ ಟೈಪ್ ಮಾಡಿಸಿದವನು ನಾನೇ. ಒಂದರಲ್ಲಿ ಹಾಗಲವಾಡಿಯವನು ಪರ್ಮನೆಂಟ್. ಇನ್ನೊಂದರಲ್ಲಿ ನನ್ನ ಜಾಗಕ್ಕೆ ಹೊಸ ಕೋಚ್, ಆಟಗಾರನಾಗಿಯೂ ಮುಂದುವರಿಯುತ್ತಾನೆ ಎಂದು. ಯಾರೆಂದು ಬೇರೆ ಹೇಳಬೇಕೇ? ಸ್ಟೇಟ್ ಆಡಿದವನು.

ಹುಡುಗ ಆರ್ಡರ್ ತೆಗೆದುಕೊಳ್ಳಲು ನನ್ನ ಟೇಬಲ್ ಹತ್ತಿರ ಬಂದ. ಎರಡು ಸಲ ಓದಿದ, ಮಡಚಿ ಜೇಬಿಗಿಟ್ಟ, ಮೇಲೆ ಕೈಯಿಟ್ಟು ಒತ್ತಿಕೊಂಡ. ಕಣ್ಣು ತುಂಬಿದ್ದವು, ನನ್ನವೂ ಕೂಡ. ಮಧ್ಯಾಹ್ನದ ಬೆಲ್ ಹೊಡೆಯಿತು.

"ಹೋಗು, ಪ್ರಾಕ್ಟೀಸ್‌ಗೆ ಹೊತ್ತಾಯ್ತು," ಅಂದೆ.

"ಪ್ರಾಕ್ಟೀಸಾ?" ಎಂದು ನನ್ನ ಮುಖ ನೋಡಿದ. "ನಾನ್ ಇನ್ ಆಡಲ್ಲ ಸಾರ್. ಸ್ಟೋರ್ಸ್‌ನಲ್ಲಿ ಫುಲ್ ಶಿಫ್ಟ್ ಹಾಕ್ಕೊಡಿ."

"ಏನ್ ಹೇಳ್ತಿದೀಯೋ? ನಿನ್ನಂಥ ಪಾಯಿಂಟ್ ಗಾರ್ಡ್ ಈ ಜಿಲ್ಲೇಲಿಲ್ಲ ಕಣೋ!"

"ಇರಬೋದು ಸಾರ್. ಆದ್ರೆ ನಂಗ್ ಸಾಕಾಗಿ ಹೋಗೈತೆ. ಕೆಲ್ಸ ಬೇಕಿತ್ತು ಅಂತ ಅವರಿಬ್ಬರ ಮಧ್ಯ ನಿಂತಿದ್ದೆ."

ಬಯ್ಯಲು ಬಾಯಿ ತೆರೆದೆ. ಆಮೇಲೆ ಶಿಫ್ಟ್ ರಿಜಿಸ್ಟರ್ ತೆಗೆದು ಸ್ಟೋರ್ಸ್‌ನ ಪುಟದಲ್ಲಿ ಅವನ ಹೆಸರು ಬರೆದೆ.